ಹಣ್ಣು ಸೌತೆಯ ತೊಟ್ಟು

ಐಸಿಯು ಹೊರಗೆ ಕೂತಿದ್ದ ಹುಡುಗಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಕೇಳಿಸುತ್ತಿತ್ತು. ಅವರಮ್ಮನ ಉಸಿರಿನ ಯಂತ್ರ ತೆಗೆಯಲು ಡಾಕ್ಟರು ಒಪ್ಪಿಗೆಯ ಕಾಗದ ಕೊಟ್ಟು ಹೋಗಿದ್ದರು.

“ಸಹಿ ಹಾಕೇ.”

“ಅಕ್ಕಾ, ನಾನು ಮೃತ್ಯುಂಜಯ ಮಂತ್ರ ಹಾಡಿದ್ರೆ ಅಮ್ಮನ ರೆಪ್ಪೆ ಅಲ್ಲಾಡುತ್ತೆ.”

“ಹನ್ನೊಂದು ದಿನದಿಂದ ಹಾಡ್ತಿದೀಯಲ್ಲ, ಅರ್ಥ ಗೊತ್ತೇನೇ?”

“ಸಾವು ಬರಬಾರದು ಅಂತ.”

“ಅಷ್ಟೇ ಅಲ್ಲ ಕಣೇ. ಹಣ್ಣಾದ ಸೌತೆಕಾಯಿ ತೊಟ್ಟು ಕಳಚೋ ಹಾಗೆ ಬಿಡಿಸು ಅಂತ. ಅಮ್ಮನೇ ಹೇಳಿಕೊಟ್ಟಿದ್ದು.”

“ನಾನು ಗಟ್ಟಿಯಾಗಿ ಹಿಡ್ಕೋ ಅಂತ ಹಾಡ್ತಿದ್ದೆ.”

“ಗೊತ್ತು ಬಿಡು. ಅಮ್ಮ ಹಣ್ಣಾಗಿದಾಳೆ. ತೊಟ್ಟು ನೀನು.”

ತಂಗಿ ಪೆನ್ನಿಗೆ ತಡಕಾಡಿದಳು. ಹುಡುಗಿ ತನ್ನದನ್ನು ಕೊಟ್ಟಳು. ತಂಗಿ ಸಹಿ ಹಾಕಿ, ಪೆನ್ನು ಹಿಡಿದೇ ಎದ್ದಳು. ಅವರು ಒಳಗೆ ಹೋದರು. ಬಾಗಿಲು ಮುಚ್ಚುವಾಗ ಅದೇ ಮಂತ್ರ ಕೇಳಿಸಿತು, ಎರಡು ದನಿಯಲ್ಲಿ.