ಹವಳಕ್ಕೂ ಕತ್ತಲು ಬೇಕು

ನಂಜುಂಡಯ್ಯನವರು ಕದ್ದು ಕೇಳುವ ಜಾತಿಯವರಲ್ಲ. ವಿಜಯನಗರದ ಆ ಸಾಕುಮೀನಿನ ಅಂಗಡಿಯೇ ಅಷ್ಟು ಇಕ್ಕಟ್ಟು. ಮೀನಿನ ಆಹಾರಕ್ಕೆಂದು ಕಾಯುತ್ತಿದ್ದ ಅವರ ಪಕ್ಕದಲ್ಲೇ ತಾಯಿ ಮಗಳು ಅಕ್ವೇರಿಯಂ ಲೈಟು ನೋಡುತ್ತಿದ್ದರು.

"ಬಿಳೀದೇ ತಗೊಳ್ಳೇ. ಮೀನು ಚೆನ್ನಾಗಿ ಕಾಣುತ್ತೆ."

"ಉಪ್ಪುನೀರಿನ ಟ್ಯಾಂಕ್ ಅಮ್ಮ. ಅದ್ರಲ್ಲಿರೋ ಜೀವಂತ ಹವಳಕ್ಕೆ ನೀಲಿ ಬೆಳಕು ಬೇಕು. ಅಪ್ಪ ಅದನ್ನೇ ಹಾಕ್ತಿದ್ರು."

"ಹಾಗಾದ್ರೆ ಅದೇ ಇರ್ಲಿ. ಹಳೇದು ಯಾಕೆ ಕೆಟ್ಟೋಯ್ತು?"

"ಹಗಲೂ ರಾತ್ರಿ ಉರೀತಾ ಇತ್ತಲ್ಲ. ಲೈಟೂ ಹೋಯ್ತು, ಹವಳಾನೂ ಬೆಳ್ಳಗಾಗಿ ಸಾಯ್ತಿದೆ."

ತಾಯಿ ಕೈಯಲ್ಲಿದ್ದ ಲೈಟನ್ನು ಕೆಳಗಿಟ್ಟರು.

"ನಿಮ್ಮಪ್ಪನ ಜೀವ ಹೋಗಿದ್ದು ಆ ಟ್ಯಾಂಕ್ ಮುಂದೇನೇ. ಜೀವ ಹೋದ ಕಡೆ ತಿಥಿ ಮುಗಿಯೋ ತನಕ ದೀಪ ಆರಬಾರದು ಕಣೇ."

"ಎಣ್ಣೆ ದೀಪ ಇಟ್ಟಿದ್ವಲ್ಲಮ್ಮ."

"ಇಟ್ಟಿದ್ವಿ. ಪಕ್ಕದಲ್ಲಿ ಅವರು ಹಾಕಿಟ್ಟು ಹೋದ ಲೈಟು. ಅದನ್ನ ಆರಿಸೋಕೆ ನಂಗೆ ಕೈಯೇ ಬರ್ಲಿಲ್ಲ."

"ನಂಗೂ ಬರ್ಲಿಲ್ಲಮ್ಮ."

"ಹವಳಕ್ಕೂ ಕತ್ತಲು ಬೇಕೇ ಬೇಕು ಅಂತ ಗೊತ್ತಿರ್ಲಿಲ್ಲ."

"ಈ ನೀಲಿ ಲೈಟಲ್ಲಿ ಟೈಮರ್ ಇದೆ. ರಾತ್ರಿ ತಾನಾಗೇ ಆಫ್ ಆಗುತ್ತೆ. ನೀನು ಸ್ವಿಚ್ ಮುಟ್ಟೋದೇ ಬೇಡ."

ಆಕೆ ಆ ಲೈಟನ್ನು ಮಗಳ ಕಡೆಗೇ ಸರಿಸಿದರು. ಅಂಗಡಿಯವನು ಆಹಾರದ ಪೊಟ್ಟಣ ನೀಡಿದರೂ ನಂಜುಂಡಯ್ಯನವರಿಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

"ಟೈಮರ್ ಇಲ್ಲದ್ದು ಕೇಳು. ನಿಮ್ಮಪ್ಪ ದಿನಾ ರಾತ್ರಿ ಲೈಟು ಆರಿಸಿ, 'ಮಲ್ಕೊಳ್ರಪ್ಪ ಇನ್ನ' ಅಂತಿದ್ರು. ಅವಕ್ಕೆ ಯಾರಾದ್ರೂ ಹೇಳ್ಬೇಕಲ್ಲ."

"ನಿನ್ ಕೈಲಿ ಆಗುತ್ತೇನಮ್ಮ?"

"ಇವತ್ತಿಂದ ಆಗ್ಲೇಬೇಕು. ತಿಥಿ ಮುಗೀತಲ್ಲ."

ಮಗಳು ಎತ್ತಿಕೊಳ್ಳಲು ಬಂದರೂ ಬಿಡದೆ, ಟೈಮರ್ ಇಲ್ಲದ ನೀಲಿ ಲೈಟಿನ ಪೆಟ್ಟಿಗೆಯನ್ನು ತಾವೇ ಎದೆಗವಚಿಕೊಂಡು ಆಕೆ ಮೆಟ್ಟಿಲಿಳಿದರು.