ಖೋ ಸಿಗದೆ ಕೂತವಳು

ಒಂದು ಊರಿನ ಕಾಲೇಜಿನಲ್ಲಿ ಒಬ್ಬ ಖೋ ಖೋ ಆಟಗಾರ್ತಿ ಇದ್ದಳು. ಮೊದಲ ವರ್ಷ ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಟ ನಿಮಗೆ ಗೊತ್ತಲ್ಲ? ಸಾಲಾಗಿ ಕೂತಿರಬೇಕು. ಎದುರಾಳಿಯನ್ನು ಅಟ್ಟುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ 'ಖೋ' ಅಂದರೆ ಮಾತ್ರ ಏಳಬೇಕು. ಮೊದಲೇ ಎದ್ದರೆ ತಪ್ಪು. ಒಂದು ದಿನ ಅಂದಿನ ತಂಡದ ನಾಯಕಿ ಅವಳ ಬೆನ್ನು ಮುಟ್ಟಿದಳು. ಅಂದು ಎದ್ದವಳು ರಾಜ್ಯ ತಂಡದವರೆಗೆ ಓಡಿದಳು. ಆಮೇಲೆ ಅದೇ ಕಾಲೇಜಿಗೆ ಕೋಚ್ ಆಗಿ ಬಂದಳು.

ಈಗ ಅವಳಿಗೆ ಗೆಲುವು ಬೇಕಿತ್ತು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ತಂಡದಲ್ಲಿ ಮಹಾನಂದಾ ಎಂಬ ಹುಡುಗಿ ಇದ್ದಳು, ಓಟದಲ್ಲಿ ಸ್ವಲ್ಪ ನಿಧಾನ. ಆದರೆ ಒಂದು ದಿನವೂ ಅಭ್ಯಾಸ ತಪ್ಪಿಸಿದವಳಲ್ಲ. ಇನ್ನೊಬ್ಬಳ ಕಾಲು ಉಳುಕಿದ್ದರಿಂದ ಫೈನಲ್‌ನಲ್ಲಿ ಇವಳನ್ನು ಸಾಲಿನಲ್ಲಿ ಕೂರಿಸಲೇಬೇಕಾಯಿತು. ಕೋಚ್ ಉಳಿದವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ಆಕಿ ಸುಮ್ನ ಕುಂತಿರ್ಲಿ. ಖೋ ಮಾತ್ರ ಕೊಡಬ್ಯಾಡ್ರಿ."

ಮೆಲ್ಲಗೆ ಹೇಳಿದಳು, ನೋಡಿ. ಇಂಥ ಮಾತನ್ನು ನಾವೂ ಮೆಲ್ಲಗೇ ಹೇಳುತ್ತೇವೆ.

ಕೊನೆಯ ನಿಮಿಷ. ಒಂದು ಅಂಕ ಬೇಕು. ಎದುರಾಳಿ ದಣಿದು ಮಹಾನಂದಾಳ ಮುಂದೆಯೇ ನಿಂತಳು. ಎದ್ದರೆ ಒಂದೇ ಹೆಜ್ಜೆ. ನಾಯಕಿ ಹಿಂದಿನಿಂದ ಓಡಿ ಬಂದಳು, ಮಹಾನಂದಾಳನ್ನು ದಾಟಿ ಮುಂದಿನವಳಿಗೆ ಖೋ ಕೊಟ್ಟಳು. ಎದುರಾಳಿ ತಪ್ಪಿಸಿಕೊಂಡಳು. ಸೀಟಿ ಮೊಳಗಿತು, ಪಂದ್ಯ ಕೈತಪ್ಪಿತು.

"ಹುಚ್ಚಿ, ಮಹಾನಂದಾನ ಮುಂದನ ನಿಂತಿದ್ಲಲ್ಲ. ಯಾಕ ಖೋ ಕೊಡ್ಲಿಲ್ಲ?" ಕೋಚ್ ನಾಯಕಿಯ ಮೇಲೆ ರೇಗಿದಳು.

"ನೀವ ಹೇಳಿದ್ರಲ್ರೀ ಮೇಡಂ, ಆಕಿಗೆ ಕೊಡಬ್ಯಾಡ ಅಂತ."

ಮಹಾನಂದಾ ಪಕ್ಕದಲ್ಲೇ ಮೊಣಕಾಲಿನ ಮಣ್ಣು ಕೊಡವುತ್ತಿದ್ದಳು. ಅವಳ ಕೈ ನಿಂತಿತು. ಅಲ್ಲಿಯವರೆಗೆ ತನ್ನ ಸರದಿ ಬಂದಿಲ್ಲ ಎಂದಷ್ಟೇ ಅವಳು ತಿಳಿದಿದ್ದಳು.

"ಹೌದನ್ರೀ ಮೇಡಂ?"

ಕೋಚ್ ಚೀಲ ಹೆಗಲಿಗೇರಿಸಿ ಹೊರಟಳು. ಮರುದಿನ ಅವಳ ಮೇಜಿನ ಮೇಲೆ ಮಹಾನಂದಾ ಒಗೆದು ಮಡಿಚಿಟ್ಟ ಜೆರ್ಸಿ ಇತ್ತು. ಕೋಚ್ ತರಗತಿಯವರೆಗೆ ಹೋಗಿ ಕರೆದಳು: "ಬಾರವಾ, ಇನ್ನ ಮ್ಯಾಲೆ ನಿನಗ ಮೊದಲು ಖೋ."

"ಬ್ಯಾಡ್ರೀ. ಇನ್ನ ಬೆನ್ನ ಮ್ಯಾಲೆ ಕೈ ಬಿದ್ರ, ಕನಿಕರಕ್ಕ ಮುಟ್ಯಾರ ಅನ್ನಸ್ತದ."

ಆ ಕೋಚ್ ಮುಂದೆ ಎಷ್ಟೋ ಕಪ್ ಗೆದ್ದಳು. ಆದರೆ ಕ್ಷಮೆ ಕೇಳುವ ಧೈರ್ಯ ಬರುವಷ್ಟರಲ್ಲಿ ಮಹಾನಂದಾ ಕಾಲೇಜು ಮುಗಿಸಿ ಹೋಗಿಬಿಟ್ಟಿದ್ದಳು. ತನ್ನ ಬೆನ್ನನ್ನು ಒಮ್ಮೆ ಮುಟ್ಟಿದ ಕೈಯನ್ನು ಆ ಕೋಚ್ ಹೇಗೆ ಮರೆತಳು? ನಾವು ಹೇಗೆ ಮರೆಯುತ್ತೇವೆ?

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಈ ಸಂಘವನ್ನೇ ನೋಡಿ. ಪ್ರತಿ ಸೋಮವಾರ ವಚನ ಹೇಳುವವರು ಅದೇ ನಾಲ್ಕು ಜನ. ದಾಸೋಹಕ್ಕೆ ರೊಟ್ಟಿ ಬಡಿಯುವವರು ಒಲೆಯ ಮುಂದೆ ಕೂತೇ ಎಲ್ಲ ವಚನ ಕಲಿತಿದ್ದಾರೆ. ವಚನ ಹೇಳಲು ಅವರನ್ನು ನಮ್ಮಲ್ಲಿ ಯಾರು ಕರೆದಿದ್ದಾರೆ? ನಾನೂ ಕರೆದಿಲ್ಲ. ಮನೆಯಲ್ಲಿ "ಆಕಿಗೇನ ತಿಳೀತದ" ಎಂದು ಯಾರನ್ನು ದಾಟಿ ಹೋಗಿದ್ದೇವೆ?

ಮುಂದಿನ ಸೋಮವಾರ ವಚನ ಅವರೇ ಹೇಳಲಿ, ತಡವರಿಸಿದರೆ ನಾವು ಕಾಯೋಣ. ಮನೆಯ ಮಾತುಕತೆಯಲ್ಲಿ ಹಾಗೆ ದಾಟಿ ಹೋದ ಆಕೆಯನ್ನು ಇವತ್ತೇ ಮೊದಲು ಕೇಳಿ. ಅವರು ತಾವಾಗಿ ಏಳುವುದಿಲ್ಲ. ಏಳಬಾರದು ಎಂದು ಕಲಿಸಿದವರು ನಾವೇ.