ಹೊಳಪಿಲ್ಲದ ಬಿಳಿ ಬಣ್ಣ

ಅಡುಗೆಮನೆ ಕಿಟಕಿಗೆ ಬಣ್ಣ ಆರಿಸುತ್ತ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು. ತಂಗಿಯ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ.

"ಗುಜರಿಗೆ ಹೋಗೋ ಡಿಶ್ ಆಂಟೆನಾಗೆ ಹೊಳಪಿಲ್ಲದ ಬಣ್ಣವೇ ಆಗ್ಬೇಕೇನೆ?"

"ಅವರಿವರ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನೇ ಅಲ್ವಾ ಅಕ್ಕ, ನಮ್ಮನೆಯವ್ರು ತಂದು ಸರಿಮಾಡ್ತಿದ್ದಿದ್ದು?"

"ಗೊತ್ತು ಮಾರಾಯ್ತಿ. ಜನ ಹಿತ್ತಲಲ್ಲಿ ಹೂವು ಬೆಳೀತಾರೆ, ನಿನ್ನ ಗಂಡ ಬಾವಿ ಮುಚ್ಚೋವಷ್ಟು ದೊಡ್ಡ ತಟ್ಟೆ ಬೆಳೆದ. ಈಗ ಅವನೇ ಇಲ್ಲ."

ತಂಗಿ ನಗಲು ಹೋದಳು, ಆಗಲಿಲ್ಲ.

"ಅವ್ರು ಆಸ್ಪತ್ರೇಲಿದ್ದಾಗ ಕೊನೇ ಡಿಶ್‌ಗೆ ನಾನೇ ಬಣ್ಣ ಬಳಿದೆ. ಬಂದು ನೋಡಿ ಖುಷಿಪಡ್ಲಿ ಅಂತ. ಫಳಫಳ ಹೊಳೆಯೋ ಬಣ್ಣ. ಬಿಸಿಲೆಲ್ಲ ಕನ್ನಡಿಗೆ ಬಿದ್ದ ಹಾಗೆ ಬಿದ್ದು, ಒಂದೇ ಕಡೆ ಸೇರಿ, ನಡುವೆ ಸಿಗ್ನಲ್ ಹಿಡಿಯೋ ಮೂತಿ ಕರಗಿಹೋಯ್ತು."

"ಬೈದನಾ?"

"ಇಲ್ಲ. 'ಬೇರೆ ಮೂತಿ ಹಾಕ್ತೀನಿ, ನೀನು ಈ ಬಣ್ಣ ಉಜ್ಜಿ ತೆಗಿ' ಅಂದ್ರು. ಏದುಸಿರು ಬಿಡ್ತಾ ಹಾಕಿಯೂ ಹಾಕಿದ್ರು. ನಾನು ಇವತ್ತು ನಾಳೆ ಅಂತಿದ್ದೆ. ಅಷ್ಟರಲ್ಲಿ ಅವ್ರೇ ಹೋಗ್ಬಿಟ್ರು. ಬಿಸಿಲು ಬೀಳದ ಹಾಗೆ ಗೋಣಿ ಹೊದಿಸಿಟ್ಟಿದ್ದೀನಿ."

"ಅಳಬೇಡ್ವೇ, ಜನ ನೋಡ್ತಾರೆ. ಮನೆ ಕೊಳ್ಳೋರು ಹಿತ್ತಲು ಖಾಲಿ ಮಾಡಿ ಅಂದಿದ್ದಾರಲ್ಲ. ನಾಡಿದ್ದು ಗುಜರಿಯವನಿಗೆ ಬರೋಕೆ ಹೇಳ್ಲಾ?"

"ಹೇಳು."

"ಆ ಡಬ್ಬಿ ಅಲ್ಲೇ ಇಟ್ಟು ಬಾ ಮತ್ತೆ."

"ಹ್ಞೂಂ."

ಅಕ್ಕ ಗಾಡಿ ಹಿಡಿಯಲು ಹೊರಗೆ ಹೋದಳು. ತಂಗಿ ಡಬ್ಬಿಯನ್ನು ಕೆಳಗಿಡಲಿಲ್ಲ. ಒಂದು ಬ್ರಷ್ಷು, ಹಳೇ ಬಣ್ಣ ಉಜ್ಜಿ ತೆಗೆಯಲು ನಾಲ್ಕು ಹಾಳೆ ಉಪ್ಪುಕಾಗದ ಸೇರಿಸಿ ಕೊಂಡಳು. ಎಲ್ಲವನ್ನೂ ಚೀಲದ ತಳಕ್ಕೆ ಹಾಕಿ, ಮೇಲೆ ಟವೆಲು ಮುಚ್ಚಿ, ಕಣ್ಣೊರೆಸಿಕೊಂಡು ಅಕ್ಕನ ಹಿಂದೆ ಹೊರಟಳು.